ವಾಚು ಕೆಟ್ಟಿಲ್ಲ, ನಿಮ್ಮ ಕೈಗೆ ಕೆಲಸ ಕಡಿಮೆಯಾಗಿದೆ

ಪ್ರಶ್ನೆ: ನಾನು ಉಡುಪಿಯವನು. ಬ್ಯಾಂಕಿನಲ್ಲಿದ್ದು ಕಳೆದ ವರ್ಷ ನಿವೃತ್ತನಾದೆ. ಶಾರ್ಜಾದಲ್ಲಿರುವ ಮಗ ಮೂರು ವರ್ಷದ ಹಿಂದೆ ಸೀಕೋ 5 ಸ್ಪೋರ್ಟ್ಸ್ ಆಟೋಮ್ಯಾಟಿಕ್ ವಾಚು ತಂದುಕೊಟ್ಟಿದ್ದಾನೆ. ಕೆಲಸದಲ್ಲಿದ್ದಾಗ ಒಂದು ದಿನವೂ ನಿಂತದ್ದಿಲ್ಲ. ಈಗ ಹೊರಗೆ ಹೋಗುವಾಗ ಮಾತ್ರ ಕಟ್ಟುತ್ತೇನೆ, ವಾರಕ್ಕೆರಡು ಸಲ ನಿಲ್ಲುತ್ತದೆ. ಕೀ ಕೊಟ್ಟರೆ ಸ್ಪ್ರಿಂಗ್ ತುಂಡಾಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ನಿಲ್ಲಲು ಬಿಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ, ವಾಚು ತಿರುಗಿಸುವ ಪೆಟ್ಟಿಗೆ ತೆಗೆದುಕೊಳ್ಳಿ ಎಂದು ನನ್ನ ಭಾವ ಹೇಳುತ್ತಾರೆ. ದಿನಕ್ಕೆ 20 ಸೆಕೆಂಡು ಮುಂದೆ ಬೇರೆ ಓಡುತ್ತದೆ. ಇನ್ನೊಂದು ವಿಷಯ. ಜುಲೈ 1ರಂದು ತಾರೀಕು 31 ತೋರಿಸುತ್ತಿತ್ತು. ರಾತ್ರಿ ಹತ್ತೂವರೆಗೆ ಮಲಗುವ ಮುಂಚೆ ಸರಿ ಮಾಡಿದೆ. ಮರುದಿನ ಮಳೆಯಲ್ಲಿ ಸ್ಕೂಟರಿನಲ್ಲಿ ಪೇಟೆಗೆ ಹೋಗಿ ಎಸಿ ಇರುವಲ್ಲಿ ಕೂತಾಗ ಗಾಜಿನ ಒಳಗೆ ಮಂಜು ಕಟ್ಟಿತು. 100 ಮೀಟರ್ ಎಂದು ಬರೆದ ವಾಚಿಗೆ ಹೀಗಾಗಬಹುದೇ? ಎರಡು ದಿನ ಅಕ್ಕಿ ಡಬ್ಬದಲ್ಲಿಟ್ಟೆ, ಮಂಜು ಹೋಯಿತು. ನನ್ನ ಮದುವೆಯಲ್ಲಿ ಮಾವ ಕೊಟ್ಟ ಎಚ್‌ಎಂಟಿ ಕಾಂಚನ್ ಕೂಡ ಗೋದ್ರೇಜ್ ಕಪಾಟಿನಲ್ಲಿ ಹದಿನೈದು ವರ್ಷದಿಂದ ಹಾಗೇ ಇದೆ. ಅದನ್ನು ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಚಿಂತೆಗಳಿವೆ. ಅವುಗಳಲ್ಲಿ ಒಂದೇ ಒಂದು ನಿಜವಾದ ಚಿಂತೆ. ಅದನ್ನೇ ನೀವು ಅಕ್ಕಿ ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಮುಗಿಯಿತು ಎಂದುಕೊಂಡಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ವಾಚು ನಿಲ್ಲುವ ವಿಷಯ.

ವಾಚು ಕೆಟ್ಟಿಲ್ಲ ಮಾರಾಯ್ರೆ. ನಿಮ್ಮ ಕೈಗೆ ಕೆಲಸ ಕಡಿಮೆಯಾಗಿದೆ, ಅಷ್ಟೇ. ಮಂಗಳೂರಿನಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ವಾಚು ರಿಪೇರಿ ಮಾಡಿಕೊಂಡು ಬಂದಿದ್ದೇನೆ. ನಿವೃತ್ತಿಯಾದ ಮೇಲೆ "ನನ್ನ ಆಟೋಮ್ಯಾಟಿಕ್ ಹಾಳಾಯಿತು" ಎಂದು ಬರುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ನಾನು ಪೂರ್ತಿ ಕೀ ಕೊಟ್ಟು ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ಒಂದೂವರೆ ದಿನ ಆರಾಮವಾಗಿ ಓಡುತ್ತದೆ. ಹಾಗೇ ವಾಪಸ್ ಕೊಡುತ್ತೇನೆ. ಏನೂ ಕೆಟ್ಟಿಲ್ಲ ಎಂದರೆ ಕೆಲವರಿಗೆ ನಂಬಿಕೆಯೇ ಬರುವುದಿಲ್ಲ, ಬೇರೆ ಅಂಗಡಿಗೆ ಹೋಗುತ್ತಾರೆ.

ಆಟೋಮ್ಯಾಟಿಕ್ ಎಂಬ ಹೆಸರೇ ಸ್ವಲ್ಪ ಮೋಸದ್ದು. ತಾನಾಗಿಯೇ ಓಡುತ್ತದೆ ಅನ್ನಿಸುತ್ತದೆ ಅಲ್ವಾ? ಅದು ಓಡುವುದು ನಿಮ್ಮ ಕೈಯಿಂದ. ಕೆಳಮುಚ್ಚಳದ ಒಳಗೆ ಅಡಿಕೆ ಹೋಳಿನ ಆಕಾರದ ಒಂದು ಭಾರದ ತುಂಡು ಇದೆ. ಅದಕ್ಕೆ ರೋಟರ್ ಎನ್ನುತ್ತೇವೆ. ಕೈ ಅಲುಗಿದಾಗ ಅದು ತಿರುಗುತ್ತದೆ. ತಿರುಗಿದಾಗ, ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗನ್ನು ಸ್ವಲ್ಪಸ್ವಲ್ಪವೇ ಸುತ್ತುತ್ತದೆ. ರೋಟರ್ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಸ್ಪ್ರಿಂಗ್ ಸುತ್ತುವಂತೆ ಮಾಡುವ ಒಂದು ಚಿಕ್ಕ ಕವಲು ಸನ್ನೆಯನ್ನು ಸೀಕೋದವರು 1959ರಲ್ಲಿ ತಂದರು. ಅದರ ಹೆಸರು ಮ್ಯಾಜಿಕ್ ಲಿವರ್. ನಿಮ್ಮ ವಾಚಿನಲ್ಲೂ ಅದೇ ಇದೆ. ಮ್ಯಾಜಿಕ್ ಇರಲಿ, ಏನೇ ಇರಲಿ, ಕೈ ಆಡದಿದ್ದರೆ ಅದೂ ಆಡುವುದಿಲ್ಲ.

ಈಗ ಲೆಕ್ಕ ನೋಡಿ. ಕೆಳಮುಚ್ಚಳದ ಮೇಲೆ ಒಳಗಿನ ಯಂತ್ರದ ನಂಬರು 4ಆರ್36 (4R36) ಎಂದು ಇದ್ದರೆ, ಪೂರ್ತಿ ಸುತ್ತಿದ ಸ್ಪ್ರಿಂಗಿನಲ್ಲಿ ಸುಮಾರು 41 ಗಂಟೆಯ ಓಟ ಇರುತ್ತದೆ. ಶನಿವಾರ ಸಂಜೆ 7ಕ್ಕೆ ಬಿಚ್ಚಿಟ್ಟರೆ ಸೋಮವಾರ ಮಧ್ಯಾಹ್ನ 12ರ ತನಕ ಬರಬೇಕು. ಆದರೆ ಅದು ಪೂರ್ತಿ ಸುತ್ತಿದ್ದರೆ ಮಾತ್ರ. ಅರ್ಧ ಸುತ್ತಿದ್ದರೆ ಭಾನುವಾರ ಮಧ್ಯಾಹ್ನ ಮೂರೋ ನಾಲ್ಕೋ ಗಂಟೆಗೇ ಮುಗಿಯಿತು. ಮುಂಚೆ ಬೆಳಿಗ್ಗೆ ಕಟ್ಟಿದರೆ ರಾತ್ರಿಯೇ ಬಿಚ್ಚುತ್ತಿದ್ದಿರಿ. ಸ್ಕೂಟರ್ ಓಡಿಸುವುದು, ಫೈಲು ಎತ್ತುವುದು, ಸಹಿ ಹಾಕುವುದು ಎಲ್ಲ ಇತ್ತು. ಈಗ ಒಂದು ಗಂಟೆ ಪೇಟೆ, ಅರ್ಧ ಗಂಟೆ ದೇವಸ್ಥಾನ. ಎಂಟು ಹತ್ತು ಗಂಟೆ ಕೈಯಲ್ಲಿದ್ದರೆ ತಾನೇ ಅದಕ್ಕೆ ಹೊಟ್ಟೆ ತುಂಬುವುದು? ಅದಿಲ್ಲದಿದ್ದರೆ, ವಾಚು ನಿಂತಾಗ ನೀವೇ ಸ್ವಲ್ಪ ಊಟ ಹಾಕಬೇಕು. ಎಂದರೆ ಕೀ ಕೊಡಬೇಕು.

ಇಲ್ಲಿ ಪಕ್ಕದ ಮನೆಯವರ ಮಾತು ಬರುತ್ತದೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳೆಯ ಕಾಲದ ನಿಜ. ಎಚ್‌ಎಂಟಿ ಜನತಾದಂಥ ಕೀ ಕೊಡುವ ವಾಚುಗಳಲ್ಲಿ ಸ್ಪ್ರಿಂಗಿನ ಹೊರಗಿನ ತುದಿ ಗಟ್ಟಿಯಾಗಿ ಸಿಕ್ಕಿಸಿರುತ್ತದೆ. ಪೂರ್ತಿ ಸುತ್ತಿದ ಮೇಲೆ ಕೀ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೂ ಬಲ ಹಾಕಿದರೆ ಏನಾದರೂ ತುಂಡಾಗುತ್ತದೆ. ಅದಕ್ಕಿಂತ ಹಿಂದಿನ ನೀಲಿ ಉಕ್ಕಿನ ಸ್ಪ್ರಿಂಗುಗಳು ಒಂದು ಚುಕ್ಕೆ ತುಕ್ಕು ಹಿಡಿದರೂ ಠಣ್ ಎಂದು ಮುರಿಯುತ್ತಿದ್ದವು. ಆಟೋಮ್ಯಾಟಿಕ್‌ನಲ್ಲಿ ಆ ತುದಿ ಸಿಕ್ಕಿಸಿರುವುದಿಲ್ಲ. ಸ್ಪ್ರಿಂಗ್ ತುಂಬಿದ ಮೇಲೆ ತುದಿ, ಸ್ಪ್ರಿಂಗ್ ಕೂತಿರುವ ಡಬ್ಬಿಯ ಗೋಡೆಗೆ ಒತ್ತಿಕೊಂಡು ಜಾರುತ್ತದೆ. ಹಾಗೆ ಜಾರದಿದ್ದರೆ ದಿನವಿಡೀ ಕೈ ಬೀಸುವವರ ವಾಚು ಎಂದೋ ಒಡೆಯಬೇಕಿತ್ತು, ಅಲ್ವಾ?

ನಮ್ಮ ಕಸುಬಿನವರ ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ವಾಚು ನಿಂತಿದೆ, ಕೀ ಪೂರ್ತಿ ಇದೆ ಎಂದು ಗಿರಾಕಿ ಬಂದರೆ "ಕೀ ಜಾಸ್ತಿಯಾಗಿದೆ" ಎಂದು ಹೇಳಿಬಿಡುವುದು ಹಿಂದಿನವರಿಗೆ ಸುಲಭವಿತ್ತು. ನಿಜವಾಗಿ ಒಳಗೆ ಎಣ್ಣೆ ಒಣಗಿರುತ್ತಿತ್ತು, ಕೊಳೆ ಸೇರಿರುತ್ತಿತ್ತು. ಅದನ್ನು ವಿವರಿಸುವ ಬದಲು ತಪ್ಪನ್ನು ಗಿರಾಕಿಯ ಬೆರಳಿಗೆ ಹಾಕಿದರೆ ಮಾತು ಮುಗಿಯುತ್ತಿತ್ತು. ಆ ಮಾತು ಈಗಲೂ ಮನೆಮನೆಯಲ್ಲಿ ಓಡಾಡುತ್ತಿದೆ.

ಹಾಗಾಗಿ ನಿಮ್ಮ ವಾಚು ನಿಂತಿದ್ದರೆ ಕೈಯಿಂದ ಬಿಚ್ಚಿ ಹಿಡಿದುಕೊಂಡು, ಕ್ರೌನ್, ಎಂದರೆ ಪಕ್ಕದಲ್ಲಿರುವ ಕೀ ಕೊಡುವ ಗುಂಡಿ, ಒಳಗೆ ಒತ್ತಿದ ಸ್ಥಿತಿಯಲ್ಲೇ ಗಡಿಯಾರದ ದಿಕ್ಕಿಗೆ 20ರಿಂದ 30 ಸುತ್ತು ಕೊಡಿ. ಕಟಕಟ ಎಂದು ಸಣ್ಣ ಸದ್ದು ಬರುತ್ತದೆ. ಕೈಯಲ್ಲಿ ಕಟ್ಟಿಕೊಂಡೇ ತಿರುಗಿಸಬೇಡಿ, ಕ್ರೌನಿನ ಸಪೂರ ಕಡ್ಡಿ ಬಾಗುತ್ತದೆ. ಸೊಗಸಾಗಿ ಓಡುತ್ತಿರುವ ವಾಚಿಗೆ ದಿನಾ ಸುಮ್ನೆ ಕೀ ಕೊಡುವ ಅಭ್ಯಾಸವೂ ಬೇಡ. ಆಟೋಮ್ಯಾಟಿಕ್‌ಗಳಲ್ಲಿ ಕೈಯಿಂದ ಸುತ್ತುವ ಹಲ್ಲುಚಕ್ರಗಳನ್ನು ದಿನನಿತ್ಯದ ಕೆಲಸಕ್ಕೆ ಮಾಡಿರುವುದಿಲ್ಲ, ನಿಂತಾಗ ಎಬ್ಬಿಸುವುದಕ್ಕೆ ಮಾಡಿರುತ್ತಾರೆ. ಓದುಗ ಮಿತ್ರರಲ್ಲಿ ಯಾರಲ್ಲಾದರೂ ಹಳೆಯ ಸೀಕೋ 5 ಇದ್ದು, ಕೆಳಮುಚ್ಚಳದ ಮೇಲೆ 7ಎಸ್26 (7S26) ಎಂದಿದ್ದರೆ ಅದಕ್ಕೆ ಕೈಯಿಂದ ಕೀ ಕೊಡಲು ಬರುವುದೇ ಇಲ್ಲ. ಎಷ್ಟು ತಿರುಗಿಸಿದರೂ ಕ್ರೌನ್ ಸುಮ್ನೆ ತಿರುಗುತ್ತದೆ. ಗಲ್ಫಿನಿಂದ ನಮ್ಮ ಊರಿಗೆ ಬಂದವುಗಳಲ್ಲಿ ಇವೇ ಜಾಸ್ತಿ. ಅದನ್ನು ಅಂಗೈಯಲ್ಲಿ ಮಲಗಿಸಿ ಅರ್ಧ ನಿಮಿಷ ಮೆಲ್ಲ ತೂಗಿ, ಆಮೇಲೆ ಕಟ್ಟಿಕೊಳ್ಳಿ. ಜ್ವರದ ಥರ್ಮಾಮೀಟರ್ ಜಾಡಿಸಿದ ಹಾಗೆ ಜಾಡಿಸಬೇಕಿಲ್ಲ.

ಭಾವನ ಎಣ್ಣೆಯ ಮಾತು. ಹಿಂದೆ ವಾಚಿಗೆ ಪ್ರಾಣಿಗಳ ಎಣ್ಣೆ ಹಾಕುತ್ತಿದ್ದರು. ಕಡಲಹಂದಿಯಂಥ ಸಮುದ್ರ ಪ್ರಾಣಿಗಳ ದವಡೆಯಿಂದ ತೆಗೆದ ಎಣ್ಣೆಗೆ ಬಹಳ ಬೆಲೆ ಇತ್ತು. ಅದು ನಿಂತಲ್ಲೇ ಅಂಟಾಗುತ್ತಿತ್ತು, ಹುಳಿಯಾಗುತ್ತಿತ್ತು. ಈಗಿನದು ಕಾರ್ಖಾನೆಯಲ್ಲಿ ಮಾಡಿದ ಕೃತಕ ಎಣ್ಣೆ. ಎರಡು ದಿನ, ಎರಡು ತಿಂಗಳು ನಿಂತರೆ ಏನೂ ಆಗುವುದಿಲ್ಲ. ವರ್ಷಗಳಾದ ಮೇಲೆ ಅದೂ ಒಣಗುತ್ತದೆ, ಜಾಗ ಬಿಟ್ಟು ಹರಡುತ್ತದೆ. ಆದರೆ ಓಡಿದರೂ ಆಗುತ್ತದೆ, ನಿಂತರೂ ಆಗುತ್ತದೆ. ಓಡುವಾಗ ಚಕ್ರದ ತುದಿಗಳು ಸವೆಯುವುದು ಬೇರೆ.

ತಿರುಗಿಸುವ ಪೆಟ್ಟಿಗೆ ಯಾರಿಗೆ ಬೇಕು? ತಾರೀಕು, ತಿಂಗಳು, ಚಂದ್ರನ ಕಲೆ ಎಲ್ಲ ತೋರಿಸುವ ದುಬಾರಿ ವಾಚು ಇದ್ದು, ನಿಂತರೆ ಮತ್ತೆ ಹೊಂದಿಸಲು ಅರ್ಧ ಗಂಟೆ ಬೇಕಾಗುವವರಿಗೆ. ನಿಮ್ಮದಕ್ಕೆ ಒಂದು ನಿಮಿಷ ಸಾಕು. ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ಮೋಟಾರಿನ ಅಯಸ್ಕಾಂತ ವಾಚಿಗೆ ಹತ್ತಿರ ಇರುತ್ತದೆ, ಅದು ಬೇರೆಯೇ ತಲೆನೋವು. ನನ್ನನ್ನು ಕೇಳಿದರೆ, ನಿಲ್ಲುವ ವಾಚನ್ನು ನಿಲ್ಲಲು ಬಿಡಿ. ನಾನು ನನ್ನ ವಾಚಿಗೂ ಅದನ್ನೇ ಮಾಡುತ್ತೇನೆ.

ದಿನಕ್ಕೆ 20 ಸೆಕೆಂಡು ಮುಂದೆ ಹೋಗುವುದು? ಒಳಗೆ ಆಚೀಚೆ ಆಡುತ್ತಾ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರ ಗಂಟೆಗೆ 21,600 ಸಲ ಬಡಿಯುತ್ತದೆ. ಸೆಕೆಂಡಿಗೆ 6, ದಿನಕ್ಕೆ 5,18,400. ಇದಕ್ಕೆ ಕಂಪನಿ ಹೇಳುವ ಮಿತಿಯೇ ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವಾಚುಗಳಿಗೂ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಸಡಿಲ ಇದ್ದೇ ಇದೆ. ಬ್ಯಾಟರಿ ವಾಚಿಗೆ ಇದನ್ನು ಹೋಲಿಸಬೇಡಿ. ರಾತ್ರಿ ಇಡುವಾಗ ಕ್ರೌನ್ ಮೇಲೆ ಮಾಡಿ ಒಂದು ವಾರ, ಡಯಲ್ ಮೇಲೆ ಮಾಡಿ ಒಂದು ವಾರ ಇಟ್ಟು ನೋಡಿ. ಇಡುವ ಭಂಗಿಯಿಂದ ಕೆಲವು ಸೆಕೆಂಡು ಆಚೀಚೆ ಆಗುತ್ತದೆ, ಸರಿಯಾದ ಭಂಗಿ ಸಿಕ್ಕಿದರೆ ಹಗಲಿನ ಲಾಭ ರಾತ್ರಿ ವಜಾ ಆಗುತ್ತದೆ. ಬ್ಯಾಂಕಿನವರಿಗೆ ನಾನು ಹೇಳಬೇಕೇ!

ಒಂದು ದಿನ ಇದ್ದಕ್ಕಿದ್ದ ಹಾಗೆ ಐದು ಹತ್ತು ನಿಮಿಷ ಮುಂದೆ ಹೋಯಿತು ಎಂದುಕೊಳ್ಳಿ. ಆಗ ಅದು ಅಯಸ್ಕಾಂತದ ಕೆಲಸ. ಆ ಬ್ಯಾಲೆನ್ಸ್ ಚಕ್ರಕ್ಕೆ ಜೋಡಿಸಿದ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಚಕ್ರ ಬೇಗಬೇಗ ಆಡುತ್ತದೆ. ಮೊಬೈಲಿನ ಅಯಸ್ಕಾಂತದ ಕವರು, ಬ್ಲೂಟೂತ್ ಸ್ಪೀಕರು, ಹೆಂಗಸರ ಬ್ಯಾಗಿನ ಗುಂಡಿ, ಫ್ರಿಜ್ಜಿನ ಬಾಗಿಲು, ಇವುಗಳ ಮೇಲೆ ವಾಚು ಇಡಬೇಡಿ. ಒಂದು ಮಾಮೂಲಿ ದಿಕ್ಸೂಚಿಯ ಹತ್ತಿರ ವಾಚು ತಂದಾಗ ಮುಳ್ಳು ಜೋರಾಗಿ ತಿರುಗಿದರೆ ಸಂಶಯ ಬೇಡ. ಅಂಗಡಿಯಲ್ಲಿ ಅದನ್ನು ತೆಗೆಯುವ ಯಂತ್ರ ಇರುತ್ತದೆ, ಅರ್ಧ ನಿಮಿಷದ ಕೆಲಸ. ಅದಕ್ಕೆ ಪೂರ್ತಿ ಸರ್ವೀಸ್ ಬೇಕು ಎಂದು ಯಾರಾದರೂ ಹೇಳಿದರೆ ವಾಚು ವಾಪಸ್ ತೆಗೆದುಕೊಂಡು ಬನ್ನಿ.

ಇನ್ನು ಜುಲೈ 1ರ ರಾತ್ರಿಗೆ ಬರೋಣ.

ಜೂನ್‌ಗೆ 30 ದಿನ. ವಾಚಿಗೆ ಅದು ಗೊತ್ತಿಲ್ಲ, ಅದು 31 ತೋರಿಸುತ್ತದೆ. ವರ್ಷಕ್ಕೆ ಐದು ಸಲ ಹೀಗೆ ನಾವೇ ಸರಿ ಮಾಡಬೇಕು. ಅದರಲ್ಲಿ ಒಂದು ನಮ್ಮ ಕರಾವಳಿಯ ಮಳೆ ಜೋರಾಗುವ ಹೊತ್ತಿಗೇ ಬರುತ್ತದೆ. ನೀವು ಸರಿ ಮಾಡಿದ್ದು ರಾತ್ರಿ ಹತ್ತೂವರೆಗೆ. ಇಲ್ಲಿ ಮೊದಲ ತಪ್ಪು. ರಾತ್ರಿ 9ರಿಂದ ಬೆಳಿಗ್ಗೆ 4ರ ತನಕ ತಾರೀಕು ಬದಲಾಯಿಸುವ ಹಲ್ಲು ತಾರೀಕಿನ ತಟ್ಟೆಗೆ ಸಿಕ್ಕಿಕೊಂಡಿರುತ್ತದೆ. ಆಗ ಕ್ರೌನಿನಿಂದ ಬಲವಂತ ಮಾಡಿದರೆ ಹಲ್ಲು ಮುರಿಯಬಹುದು. ಈಗ ಮಧ್ಯರಾತ್ರಿ ತಾರೀಕು ಸರಿಯಾಗಿ ಬದಲಾಗುತ್ತಿದ್ದರೆ ನೀವು ಬಚಾವಾಗಿದ್ದೀರಿ. ಇನ್ನು ಮುಂದೆ ಮುಳ್ಳುಗಳನ್ನು ಮೊದಲು ಬೆಳಗಿನ ಆರೂವರೆಗೆ ತಂದು, ಆಮೇಲೆ ತಾರೀಕು ಬದಲಿಸಿ, ಕೊನೆಗೆ ಸಮಯ ಹೊಂದಿಸಿ. ಅದು ಬೆಳಗಿನ ಆರೂವರೆಯೋ ಸಂಜೆಯದೋ ಗೊತ್ತಾಗುವುದು ಹೇಗೆ? ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತಾ ಹೋಗಿ, 12 ದಾಟುವಾಗ ತಾರೀಕು ಬದಲಾದರೆ ಅದು ಮಧ್ಯರಾತ್ರಿ. ಅಂದ ಹಾಗೆ ಗಲ್ಫಿನಿಂದ ಬಂದ ವಾಚುಗಳಲ್ಲಿ ವಾರದ ಹೆಸರು ಇಂಗ್ಲಿಷ್ ಮತ್ತು ಅರಬಿ ಎರಡರಲ್ಲೂ ಇರುತ್ತದೆ. ರಾತ್ರಿ ಎದ್ದಾಗ ಅರಬಿ ಅಕ್ಷರ ಕಂಡು, ವಾಚು ಕೆಟ್ಟಿತು ಎಂದು ಬೆಳಿಗ್ಗೆ ಓಡಿ ಬಂದವರಿದ್ದಾರೆ. ಅದು ದಾಟಿ ಹೋಗುವ ಅಕ್ಷರ, ಬೆಳಗಾಗುವಷ್ಟರಲ್ಲಿ ಇಂಗ್ಲಿಷಿಗೆ ಬರುತ್ತದೆ.

ಎರಡನೆಯ ತಪ್ಪು ದೊಡ್ಡದು, ಅದನ್ನು ನೀವು ಬರೆದಿಲ್ಲ. ನಿಮಗೆ ಗೊತ್ತಿರಲಾರದು. ತಾರೀಕು ಸರಿ ಮಾಡಲು ಕ್ರೌನನ್ನು ಒಂದು ಹಂತ ಎಳೆದಿರಿ. ನಿದ್ದೆಯ ಕಣ್ಣು. ವಾಪಸ್ ಒತ್ತಿದ್ದು ಪೂರ್ತಿ ಒಳಗೆ ಹೋಗಲಿಲ್ಲ ಎಂದು ನನ್ನ ಬಲವಾದ ಸಂಶಯ. ತಾರೀಕಿನ ಹಂತದಲ್ಲಿ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ, ವಾಚು ಓಡುತ್ತಲೇ ಇರುತ್ತದೆ. ಹಾಗಾಗಿ ಕಣ್ಣಿಗೆ ಎಲ್ಲವೂ ಸರಿ. ಆದರೆ ಬಾಗಿಲು ಓರೆಯಾಗಿದೆ. ಮರುದಿನ ಅದೇ ಬಾಗಿಲು ತೆರೆದುಕೊಂಡು ಮಳೆಯಲ್ಲಿ ಸ್ಕೂಟರ್ ಸವಾರಿ.

ವಾಚಿನ ಪೆಟ್ಟಿಗೆಯಲ್ಲಿ ನೀರು ಹೋಗುವ ದಾರಿ ಮೂರು. ಗಾಜಿನ ಸುತ್ತ, ಕೆಳಮುಚ್ಚಳದ ಸುತ್ತ ಮತ್ತು ಕ್ರೌನ್. ಮೊದಲ ಎರಡು ಮುಚ್ಚಿಯೇ ಇರುತ್ತವೆ. ದಿನಾ ತೆರೆದು ಮುಚ್ಚುವ ಬಾಗಿಲು ಕ್ರೌನ್ ಒಂದೇ. ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಕೈಗೆ ಕಟ್ಟುವ ಆಟೋಮ್ಯಾಟಿಕ್ ವಾಚು ಮಾಡಿ 1924ರಲ್ಲಿ ಸ್ವಿಸ್ ಪೇಟೆಂಟ್ ಪಡೆದವರು ಜಾನ್ ಹಾರ್ವುಡ್ ಎಂಬ ಇಂಗ್ಲಿಷ್ ವಾಚುಗಾರ. ಅವರಿಗೆ ಕೀ ಕೊಡುವ ಸೋಮಾರಿತನ ಇರಲಿಲ್ಲ. ರಿಪೇರಿಗೆ ಬರುವ ವಾಚುಗಳಲ್ಲಿ ಧೂಳೂ ತೇವವೂ ಕ್ರೌನಿನ ತೂತಿನಿಂದಲೇ ಒಳಗೆ ಹೋಗುತ್ತಿದೆ ಎಂದು ಅವರು ಗಮನಿಸಿದರು. ಕ್ರೌನೇ ಇಲ್ಲದ ವಾಚು ಮಾಡಿದರೆ ಹೇಗೆ ಎಂದು ಯೋಚಿಸಿದರು. ಸಮಯ ಹೊಂದಿಸಲು ಗಾಜಿನ ಸುತ್ತಲಿನ ಬಳೆಯನ್ನೇ ತಿರುಗಿಸುವ ಹಾಗೆ ಮಾಡಿದರು. ಎಂದರೆ ಕೈಗಡಿಯಾರ ಆಟೋಮ್ಯಾಟಿಕ್ ಆಗುವುದಕ್ಕೆ ಒಂದು ಮುಖ್ಯ ಕಾರಣವೇ ಆ ಬಾಗಿಲಿನ ಭಯ. ನೂರು ವರ್ಷ ಆಯಿತು, ನಾವು ಮತ್ತೆ ಕೀ ಕೊಟ್ಟರೆ ಸ್ಪ್ರಿಂಗ್ ಏನಾದೀತು ಎಂದು ಹೆದರುತ್ತಿದ್ದೇವೆ, ಬಾಗಿಲು ಹಾಕಿದೆಯೋ ಎಂದು ನೋಡುವುದಿಲ್ಲ.

100 ಮೀಟರ್ ಎಂದರೆ 100 ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಹೊಸ ವಾಚು, ನೀರು ತಡೆಯುವ ಹೊಸ ರಬ್ಬರ್ ರಿಂಗು, ಕ್ರೌನ್ ಮುಚ್ಚಿದ ಸ್ಥಿತಿ, ಅಲುಗಾಡದ ತಣ್ಣೀರು, ಅಷ್ಟು ಒತ್ತಡ. ಅದು ಪರೀಕ್ಷೆಯ ಲೆಕ್ಕ. ಕ್ರೌನ್ ಎಳೆದಿದ್ದರೆ 100 ಎಂಬುದು 0. ರಬ್ಬರಿಗೆ ವಯಸ್ಸಾಗುತ್ತದೆ. ಬೆವರು, ಸಾಬೂನು, ಸೆಂಟು ಎಲ್ಲ ಅದನ್ನು ಗಟ್ಟಿ ಮಾಡುತ್ತವೆ. ನಮ್ಮಲ್ಲಿ ಬಿಸಿನೀರಿನ ಸ್ನಾನ ಬಿಡುವವರಿಲ್ಲ. ಹಂಡೆಯ ನೀರು, ಬಚ್ಚಲು ತುಂಬ ಹಬೆ. ವಾಚು ಕಟ್ಟಿಕೊಂಡು ಅದರೊಳಗೆ ನಿಲ್ಲಬೇಡಿ, ಮೀಟರ್ ಎಷ್ಟೇ ಇರಲಿ. ಬಿಸಿಯಲ್ಲಿ ಉಕ್ಕು ಒಂದು ರೀತಿ ಹಿಗ್ಗುತ್ತದೆ, ರಬ್ಬರು ಇನ್ನೊಂದು ರೀತಿ. ಹಬೆ ನೀರಿಗಿಂತ ಸುಲಭವಾಗಿ ನುಸುಳುತ್ತದೆ. ದೀಪಾವಳಿಯ ಎಣ್ಣೆಸ್ನಾನದ ದಿನವಂತೂ ವಾಚು ದೇವರ ಕೋಣೆಯಲ್ಲೇ ಇರಲಿ.

ಮಂಜು ಕಟ್ಟಿದ್ದು ಯಾಕೆ? ಹೊರಗೆ ಮಳೆಗಾಲದ ಒದ್ದೆ ಗಾಳಿ, ಸೆಕೆ. ಆ ಗಾಳಿಯ ಒಂದಿಷ್ಟು ವಾಚಿನ ಒಳಗೆ ಸೇರಿದೆ. ಎಸಿಯೊಳಗೆ ಗಾಜು ತಣ್ಣಗಾಯಿತು, ಒಳಗಿನ ತೇವ ಗಾಜಿಗೆ ಅಂಟಿ ಹನಿಯಾಯಿತು. ಅಡುಗೆಮನೆಯ ಕಿಟಕಿಯಲ್ಲಿ ನೋಡುತ್ತೀರಲ್ಲ, ಅದೇ. ಹೊರಗೆ ಬಂದಾಗ ಗಾಜು ಬೆಚ್ಚಗಾಗಿ ಮಂಜು ಮಾಯ. ತೇವ ಮಾತ್ರ ಎಲ್ಲೂ ಹೋಗಿಲ್ಲ, ಕಾಣುವುದು ನಿಂತಿದೆ.

ಅಕ್ಕಿ ಡಬ್ಬದ ವಿಷಯ ಇದೇ. ಅಕ್ಕಿ ತೇವ ಎಳೆಯುವುದರಲ್ಲಿ ಅಂಥ ಬಲಶಾಲಿಯಲ್ಲ. ಎಳೆದರೂ ಕ್ರೌನ್ ಮುಚ್ಚಿದ ವಾಚಿನೊಳಗಿಂದ ಎಳೆಯುವುದು ಎಲ್ಲಿಂದ? ಕ್ರೌನ್ ತೆರೆದಿಟ್ಟರೆ ಅಕ್ಕಿಯ ಹಿಟ್ಟು ಒಳಗೆ. ಎರಡೂ ಕಷ್ಟ. ಹೇರ್ ಡ್ರೈಯರ್ ಹಿಡಿಯುವವರೂ ಇದ್ದಾರೆ, ಅದು ಗಾಜಿನ ಹನಿಯನ್ನು ಯಂತ್ರದ ಮೇಲೆ ಕೂರಿಸುತ್ತದೆ. ಮಳೆನೀರಾದರೆ ಕೆಲವು ದಿನದಲ್ಲಿ, ಉಪ್ಪುನೀರಾದರೆ ಅದಕ್ಕಿಂತ ಬೇಗ ತುಕ್ಕು ಶುರು. ಮೊದಲು ಹಿಡಿಯುವುದು ಕ್ರೌನಿನ ಕಡ್ಡಿ, ಅದರ ಪಕ್ಕದ ಸಣ್ಣ ಸ್ಪ್ರಿಂಗು, ತಿರುಪಿನ ತಲೆ. ಆಮೇಲೆ ಮುರಕಲ್ಲಿನ ಹುಡಿಯಂಥ ಕೆಂಪು ಧೂಳು ಎಲ್ಲ ಕಡೆ ಓಡಾಡುತ್ತದೆ. ಅಂಥ ವಾಚನ್ನು ತೆರೆದಾಗ ನಮಗೂ ಮನಸ್ಸು ಕೆಡುತ್ತದೆ. ವಾಚು ಓಡುತ್ತಿರುತ್ತದೆ, ಗಿರಾಕಿ ನಗುತ್ತಾ ನಿಂತಿರುತ್ತಾರೆ, ಒಳಗೆ ಗದ್ದೆ.

ಹಾಗಾದರೆ ಈಗ ಏನು ಮಾಡುವುದು? ಮೂರು ದಾರಿ ಇದೆ. ಏನೂ ಮಾಡದೆ ಇರಬಹುದು. ಒಳಗೆ ಹೋದದ್ದು ಬರೀ ಒದ್ದೆ ಗಾಳಿಯಾದರೆ ಬಚಾವ್, ಹನಿ ನೀರಾದರೆ ಮುಂದಿನ ಮಳೆಗಾಲದೊಳಗೆ ವಾಚು ನಿಲ್ಲುತ್ತದೆ, ಆಗ ಖರ್ಚು ದೊಡ್ಡದು. ಎರಡನೆಯದು, ಮೊದಲು ಪರೀಕ್ಷೆ. ಅಂಗಡಿಯಲ್ಲಿ ವಾಚನ್ನು ಸುಮಾರು 40 ಡಿಗ್ರಿಗೆ ಬೆಚ್ಚಗೆ ಮಾಡಿ, ಗಾಜಿನ ಮೇಲೆ ಒಂದು ಹನಿ ತಣ್ಣೀರು ಇಟ್ಟು, ಒಂದು ನಿಮಿಷ ಬಿಟ್ಟು ಒರೆಸಿ ನೋಡುತ್ತೇವೆ. ಒಳಗೆ ಮಂಜು ಕಂಡರೆ ತೇವ ಇದೆ. ಇದನ್ನು ಮನೆಯಲ್ಲಿ ಒಲೆಯ ಮೇಲೆ ಪ್ರಯೋಗ ಮಾಡಬೇಡಿ, ದಯವಿಟ್ಟು. ಮೂರನೆಯದು, ಕೆಳಮುಚ್ಚಳ ತೆರೆಸಿ, ಕಣ್ಣಾರೆ ನೋಡಿಸಿ, ಒಣಗಿಸಿ, ಮೂರೂ ರಬ್ಬರ್ ರಿಂಗ್ ಹೊಸದು ಹಾಕಿಸಿ, ಒತ್ತಡದ ಪರೀಕ್ಷೆ ಮಾಡಿಸುವುದು. ನಿಮ್ಮ ವಾಚಿಗೆ ನಾನು ಮೂರನೆಯದನ್ನೇ ಹೇಳುತ್ತೇನೆ, ಈ ವಾರವೇ. ಇಲ್ಲೂ ಅಪಾಯ ಇಲ್ಲ ಎಂದಲ್ಲ. ಒತ್ತಡ ಪರೀಕ್ಷೆಯ ಯಂತ್ರ ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ. ಅದಿಲ್ಲದೆ ತೆರೆದು ಮುಚ್ಚಿದ ವಾಚು ಮುಂಚಿನದಕ್ಕಿಂತ ಸಡಿಲ ಆಗಬಹುದು. ಆದ್ದರಿಂದ ಮೊದಲೇ ಕೇಳಿ. ಯಂತ್ರ ಇಲ್ಲ ಎಂದರೆ ಬೇಜಾರು ಮಾಡಿಕೊಳ್ಳದೆ ಇನ್ನೊಂದು ಅಂಗಡಿ ನೋಡಿ.

ಒಳಗೆ ತುಕ್ಕು ಸಿಕ್ಕಿದರೆ? ಈ ಜಾತಿಯ ವಾಚಿನ ಒಳಯಂತ್ರಕ್ಕೆ ಪೂರ್ತಿ ಬಿಚ್ಚಿ ಎಣ್ಣೆ ಹಾಕುವ ಕೂಲಿಗಿಂತ ಇಡೀ ಯಂತ್ರವನ್ನೇ ಬದಲಿಸುವುದು ಎಷ್ಟೋ ಸಲ ಅಗ್ಗ. ನನ್ನ ಹೊಟ್ಟೆಪಾಡಿಗೆ ಇದು ಒಳ್ಳೆಯ ಮಾತಲ್ಲ, ಆದರೂ ಹೇಳುತ್ತಿದ್ದೇನೆ. ಬದಲಿಸಿದರೆ ಹಳೆಯ ಯಂತ್ರವನ್ನು ಪೊಟ್ಟಣ ಕಟ್ಟಿ ಕೇಳಿ ತೆಗೆದುಕೊಳ್ಳಿ. ಮಗ ತಂದುಕೊಟ್ಟದ್ದು, ಹೊರಗಿನ ಪೆಟ್ಟಿಗೆ ಅದೇ ಇರುತ್ತದೆ ಅಲ್ವಾ.

ಇನ್ನು ಮುಂದೆ ಕ್ರೌನ್ ಎಳೆದು ಒತ್ತಿದ ಮೇಲೆ ಒಂದು ಅಭ್ಯಾಸ ಮಾಡಿ. ಬೆರಳಿನಿಂದ ಗಡಿಯಾರದ ದಿಕ್ಕಿಗೆ ನಾಲ್ಕು ಸುತ್ತು ತಿರುಗಿಸಿ. ಕಟಕಟ ಸದ್ದು ಬಂದರೆ, ತಾರೀಕಾಗಲಿ ವಾರವಾಗಲಿ ಅಲುಗದಿದ್ದರೆ, ಬಾಗಿಲು ಮುಚ್ಚಿದೆ. ತಿರುಪಿನ ಕ್ರೌನ್ ಇರುವ ವಾಚಾದರೆ ಒತ್ತಿ ಹಿಡಿದು ಬಿಗಿ ಮಾಡಬೇಕು. ತಿರುಪು ಓರೆಯಾಗಿ ಕೂತರೆ ಬಲ ಹಾಕಬೇಡಿ, ಬಿಚ್ಚಿ ಮತ್ತೆ ಕೂರಿಸಿ. ರಬ್ಬರ್ ರಿಂಗನ್ನು ಎರಡು ಮೂರು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಕೊಡೆ ರಿಪೇರಿಗೆ ಕೊಡುವ ಹೊತ್ತಿಗೆ ನೋಡಿಸಿ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಬೇರೆ ಊರಿನವರ ಲೆಕ್ಕ ನಡೆಯುವುದಿಲ್ಲ. ಮಲ್ಪೆಯ ಕಡಲತೀರಕ್ಕೋ ಪಣಂಬೂರಿನದ್ದಕ್ಕೋ ಹೋಗಿ ಬಂದರೆ, ಕ್ರೌನ್ ಮುಚ್ಚಿರುವುದನ್ನು ನೋಡಿಕೊಂಡು ನಲ್ಲಿ ನೀರಿನಲ್ಲಿ ತೊಳೆಯಿರಿ. ಉಪ್ಪು ಉಕ್ಕಿನ ಚೈನನ್ನೂ ಬಿಡುವುದಿಲ್ಲ. ಚೈನಿನ ಕೊಂಡಿಗಳ ನಡುವೆ ಬೆವರಿನ ಕಪ್ಪು ಕೊಳೆ ಕೂತಿದ್ದರೆ ಮೆತ್ತಗಿನ ಹಲ್ಲುಜ್ಜುವ ಬ್ರಷ್ಷು, ಸಾಬೂನು ನೀರು ಸಾಕು. ಚರ್ಮದ ಪಟ್ಟಿ ಇದ್ದವರು ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಚ್ಚಿಟ್ಟು ರಬ್ಬರಿನದ್ದೋ ನೈಲಾನಿನದ್ದೋ ಹಾಕಿಕೊಳ್ಳಿ. ಇಲ್ಲವಾದರೆ ಗಣೇಶ ಚೌತಿಯ ಹೊತ್ತಿಗೆ ಪಟ್ಟಿಗೆ ಬೂಷ್ಟು ಬಂದಿರುತ್ತದೆ.

ಪೆಟ್ಟಿನ ವಿಷಯ ನೀವು ಕೇಳಿಲ್ಲ, ಆದರೂ ಒಂದು ಮಾತು. ನಿಮ್ಮ ಹಾಗೆ ಕೈ ಆಡಿಸದವರ ವಾಚು ನಿಲ್ಲುತ್ತದೆ, ಜಾಸ್ತಿ ಆಡಿಸುವವರ ವಾಚು ಸಡಿಲವಾಗುತ್ತದೆ. ಚೆಂಡೆ ಬಾರಿಸುವ ಒಬ್ಬರು ವಾಚು ಕಟ್ಟಿಕೊಂಡೇ ಬಾರಿಸುತ್ತಿದ್ದರು. ತೆರೆದಾಗ ರೋಟರಿನ ತಿರುಪು ಕಳಚಿ ಒಳಗೆ ಗೆಜ್ಜೆಯ ಹಾಗೆ ಆಡುತ್ತಿತ್ತು. ಮುರಕಲ್ಲು ಕೊಯ್ಯುವ ಯಂತ್ರ ಹಿಡಿಯುವವರಿಗೂ ನಾನು ಹೇಳುವುದು ಒಂದೇ, ಕೆಲಸದ ಹೊತ್ತಿಗೆ ಬಿಚ್ಚಿ ಕಿಸೆಯಲ್ಲಿಡಿ.

ಇನ್ನು ನಿಮ್ಮ ಕಾಂಚನ್. ಆ ಕಾಲದಲ್ಲಿ ಮದುವೆಯಲ್ಲಿ ವರನಿಗೆ ಕಾಂಚನ್ ಕೊಟ್ಟರು ಎಂದರೆ ಮಾವನವರು ಕೈ ಬಿಚ್ಚಿದರು ಎಂದೇ ಅರ್ಥ. ಅದೂ ಆಟೋಮ್ಯಾಟಿಕ್, ವಾರ ಮತ್ತು ತಾರೀಕು ತೋರಿಸುವಂಥದ್ದು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿತು, 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು. ಬಿಡಿಭಾಗ ಬೇಕೆಂದರೆ ಈಗ ಹೆಚ್ಚಾಗಿ ಇನ್ನೊಂದು ಹಳೆಯ ವಾಚಿನಿಂದ ತೆಗೆಯಬೇಕು. ಹಾಗಾಗಿ ನಿಮ್ಮದರ ಒಂದು ಚಕ್ರ ಸವೆದರೂ ನಷ್ಟವೇ.

ನೋಡೋಣ ಓಡುತ್ತದೋ ಎಂದು ಅದನ್ನು ಅಲ್ಲಾಡಿಸಬೇಡಿ. ಓಡಿದರೂ ಕಟ್ಟಿಕೊಳ್ಳಬೇಡಿ. ಹದಿನೈದು ವರ್ಷ ಒಣಗಿದ ಎಣ್ಣೆಯಲ್ಲಿ ಓಡಿಸುವುದೆಂದರೆ ಎಣ್ಣೆ ಹಾಕದ ಗಾಣ ತಿರುಗಿಸಿದ ಹಾಗೆ. ಎರಡರಲ್ಲಿ ಒಂದು ಮಾಡಿ. ಕಟ್ಟುವ ಆಸೆ ಇದ್ದರೆ ಎಚ್‌ಎಂಟಿ ಕೈಯಾಡಿಸಿ ಗೊತ್ತಿರುವ ಹಳಬರೊಬ್ಬರ ಹತ್ತಿರ ಪೂರ್ತಿ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ನೆನಪಿಗೆ ಮಾತ್ರ ಇಡುವುದಾದರೆ ನಿಂತ ಹಾಗೇ ಇರಲಿ. ಕಪಾಟಿನಲ್ಲಿ ನುಸಿಗುಳಿಗೆಯ ಪಕ್ಕ ಇಟ್ಟಿದ್ದರೆ ತೆಗೆಯಿರಿ, ಅದು ತೇವ ಹೀರುವುದಿಲ್ಲ, ವಾಸನೆ ಮಾತ್ರ ಕೊಡುತ್ತದೆ. ಗಾಳಿಯಾಡದ ಚಿಕ್ಕ ಡಬ್ಬಿಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ವರ್ಷಕ್ಕೊಮ್ಮೆ ಪೊಟ್ಟಣ ಬದಲಿಸಿ. ಸರ್ವೀಸಿಗೆ ಕೊಟ್ಟರೆ "ಡಯಲ್ ಹಳತಾಗಿದೆ, ಹೊಸ ಬಣ್ಣ ಹೊಡೆಸಿ ಕೊಡುತ್ತೇನೆ" ಎನ್ನಬಹುದು. ಬೇಡ ಎನ್ನಿ. ಮಾವ ಕೊಟ್ಟ ದಿನ ಆ ಡಯಲಿನ ಮೇಲೆ ಇದ್ದ ಅಕ್ಷರ ಮತ್ತೆ ಹಾಗೇ ಬರುವುದಿಲ್ಲ. ಹಿಂದಿನ ಮುಚ್ಚಳ ತೆಗೆಯಲು ಮನೆಯ ಚಾಕು ಹಿಡಿದುಕೊಂಡು ಮೊಮ್ಮಗ ಬಂದರೆ, ಅವನಿಗೂ ಬೇಡ ಎನ್ನಿ.